ಸೀಲಿಯಾಕ್ ಕಾಯಿಲೆ ಮತ್ತು ಮನೆಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ತಿಳಿದ ಮೇಲೆ, ಅದೇ ಕಾಯಿಲೆಯ ಮಕ್ಕಳಿರುವ ಅನೇಕ ತಾಯಂದಿರು ಧಾರವಾಡದ ನಮ್ಮ ಮನೆಗೆ ಫೋನ್ ಮಾಡಿ ವಿಚಾರಿಸಿದ್ದಾರೆ. ಅವರು ಮೊದಲು ಕೇಳುವುದು ಕರುಳಿನ ಬಗ್ಗೆ, ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಕೇಳುವುದು ದುಡ್ಡಿನ ಬಗ್ಗೆ. ದನಿ ತಗ್ಗಿಸಬೇಕಾದ ವಿಷಯ ಇದಲ್ಲವಾದ್ದರಿಂದ, ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವೈದ್ಯೆಯಲ್ಲ, ಚಿಕಿತ್ಸೆಯ ತೀರ್ಮಾನಗಳನ್ನು ನಿಮ್ಮ ವೈದ್ಯರೊಂದಿಗೇ ಮಾಡಬೇಕು. ಇಲ್ಲಿರುವ ಬೆಲೆಗಳೆಲ್ಲ ಅಂದಾಜಿನವು, ಊರಿಂದ ಊರಿಗೆ ವ್ಯತ್ಯಾಸವಾಗುತ್ತವೆ.

ಈ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ಏನೂ ಇಲ್ಲವೆನ್ನುತ್ತಾರೆ. ಹಾಗಿದ್ದ ಮೇಲೆ ಖರ್ಚು ಎಲ್ಲಿಂದ ಬರುತ್ತದೆ?

ಖರ್ಚು ಬರುವುದೇ ಆ ಕಾರಣಕ್ಕೆ. ಗೋಧಿ, ಬಾರ್ಲಿ ಮತ್ತು ಗೋಧಿಯನ್ನು ಹೋಲುವ ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ಈ ಕಾಯಿಲೆ ಇರುವವರ ರೋಗನಿರೋಧಕ ವ್ಯವಸ್ಥೆ ಅವರದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಬೆರಳಿನಾಕಾರದ ಸೂಕ್ಷ್ಮ ರಚನೆಗಳು ಸವೆದು ಚಪ್ಪಟೆಯಾಗುತ್ತವೆ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಇದರ ಮೂಲ ಗೋಧಿಯಲ್ಲಿದೆ ಎಂಬುದನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಆ ದೇಶದಲ್ಲಿ ಬ್ರೆಡ್ಡೇ ಸಿಗದಂತಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡಿದ್ದು ಅವರು ಮೊದಲೇ ಊಹಿಸಿದ್ದನ್ನು ಗಟ್ಟಿಮಾಡಿತು. ಅಂದಿನಿಂದ ಇಂದಿನವರೆಗೂ ಚಿಕಿತ್ಸೆಯೆಂದರೆ ಗ್ಲುಟೆನ್ ಇಲ್ಲದ ಊಟ ಮಾತ್ರ, ಅದೂ ಜೀವನಪರ್ಯಂತ. ಸಕ್ಕರೆ ಕಾಯಿಲೆಯವರ ಮಾತ್ರೆಗೆ ಔಷಧಿ ಅಂಗಡಿಯ ಬಿಲ್ಲಿರುತ್ತದೆ, ಅದನ್ನು ನಾಲ್ಕು ಕಡೆ ತೋರಿಸಬಹುದು. ನಮ್ಮ ಔಷಧಿಯ ಬಿಲ್ಲು ಬರುವುದು ಕಿರಾಣಿ ಅಂಗಡಿಯಿಂದ, ಅದನ್ನು ಔಷಧಿಯೆಂದು ಒಪ್ಪುವವರು ಯಾರೂ ಇಲ್ಲ.

ಇದು ಉತ್ತರ ಭಾರತದವರ ಕಾಯಿಲೆಯಲ್ಲವೇ? ಕರ್ನಾಟಕದಲ್ಲಿ ಯಾರಿಗೆ ಬರುತ್ತದೆ?

ಇಲ್ಲಿ ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂಬುದು ಸುಳ್ಳು. ದೇಶದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ವಯಸ್ಕರ ಪೈಕಿ ಉತ್ತರ ಭಾರತದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87 ಮತ್ತು ದಕ್ಷಿಣದಲ್ಲಿ ಶೇ 0.10 ಮಂದಿಗೆ ಈ ಕಾಯಿಲೆ ಕಂಡುಬಂದಿತು. ದಕ್ಷಿಣದ ಅಂಕಿ ತಮಿಳುನಾಡಿನ ವೆಲ್ಲೂರು ಭಾಗದ್ದು. ಬೆಳಿಗ್ಗೆ ಚಪಾತಿ, ಸಂಜೆ ಬಿಸ್ಕತ್ತು ಇಲ್ಲದೆ ದಿನ ಕಳೆಯದ ಇಂದಿನ ಕರ್ನಾಟಕದ ಮನೆಗಳಿಗೆ ಅದೇ ಅಂಕಿಯನ್ನು ಅನ್ವಯಿಸಿ ನಿಶ್ಚಿಂತರಾಗಿರುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಇಲ್ಲಿ ಕಡಿಮೆ ಎನ್ನುವುದೇ ಒಂದು ಖರ್ಚಿಗೆ ದಾರಿಯಾಗುತ್ತದೆ. ವೈದ್ಯರಿಗೆ ತಕ್ಷಣ ಈ ಕಾಯಿಲೆ ನೆನಪಿಗೆ ಬರುವುದಿಲ್ಲ. ನಮ್ಮ ಮಗಳು ಮೂರು ವರ್ಷ ಕಬ್ಬಿಣದ ಟಾನಿಕ್ ಕುಡಿದಳು, ಹುಳದ ಔಷಧಿ ತೆಗೆದುಕೊಂಡಳು, ಎರಡು ಸಲ ಗ್ಲೂಕೋಸ್ ಏರಿಸಿಕೊಂಡಳು, ಆದರೂ ಹಿಮೋಗ್ಲೋಬಿನ್ ಏಳರ ಮೇಲೆ ಏರಲಿಲ್ಲ. ಆ ಮೂರು ವರ್ಷಗಳಲ್ಲಿ ಖರ್ಚಾದ ಹಣದ ಒಂದು ಚಿಕ್ಕ ಪಾಲಿನಲ್ಲಿ ಸರಿಯಾದ ಪರೀಕ್ಷೆಯೇ ಆಗಿಬಿಡುತ್ತಿತ್ತು. ಮಾತ್ರೆ ತೆಗೆದುಕೊಂಡರೂ ಇಳಿಯದ ರಕ್ತಹೀನತೆ, ನಿಲ್ಲದ ಭೇದಿ, ಬೆಳವಣಿಗೆ ನಿಂತ ಮಗು, ಕಾರಣವಿಲ್ಲದೆ ಟೊಳ್ಳಾಗುವ ಮೂಳೆ ಇವುಗಳಲ್ಲಿ ಯಾವುದಾದರೂ ಇದ್ದರೆ, "ಸೀಲಿಯಾಕ್ ಇರಬಹುದೇ?" ಎಂದು ನೀವೇ ಬಾಯಿಬಿಟ್ಟು ಕೇಳಿ.

ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ? ಅದರ ಬದಲು ಗೋಧಿ ಬಿಟ್ಟು ನೋಡಿದರೆ ಸಾಲದೇ?

ಸಾಲದು. ದುಡ್ಡು ಉಳಿಸಲು ಹೊರಟ ಮನೆಗಳು ಮಾಡುವ ಅತ್ಯಂತ ದುಬಾರಿ ತಪ್ಪು ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಮಾಡುವುದು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಕಾಯಿಲೆ ಇದ್ದರೆ ಸಾಮಾನ್ಯವಾಗಿ ಇದರ ಅಂಕಿ ಏರಿರುತ್ತದೆ. ಖಾಸಗಿ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿಯೊಳಗೆ ಆಗುತ್ತದೆ. ಅದರೊಂದಿಗೆ ಐಜಿಎ ಎಂಬ, ರಕ್ತದಲ್ಲಿರುವ ಒಂದು ಬಗೆಯ ರೋಗನಿರೋಧಕ ಪ್ರೋಟೀನಿನ ಒಟ್ಟು ಪ್ರಮಾಣವನ್ನೂ ನೋಡಬೇಕು, ಏಕೆಂದರೆ ಐಜಿಎ ಸಹಜವಾಗಿಯೇ ಕಡಿಮೆ ಇರುವವರಲ್ಲಿ ಮೊದಲ ಪರೀಕ್ಷೆ ತಪ್ಪಾಗಿ "ಇಲ್ಲ" ಎನ್ನಬಹುದು. ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಖಾಸಗಿಯಾಗಿ ಮಾಡಿಸಿದರೆ ಹಲವು ಸಾವಿರ ಬೇಕು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ಹೊರೆ ಬಹಳ ಇಳಿಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಗೆಂದೇ ಸರ್ಕಾರದ ಸಂಸ್ಥೆಯಿದೆ. ಮಕ್ಕಳಲ್ಲಿ ಟಿಟಿಜಿ ಪ್ರಮಾಣ ಮಿತಿಯ ಹತ್ತು ಪಟ್ಟಿಗೂ ಮೀರಿದ್ದು, ಇನ್ನೊಂದು ರಕ್ತಪರೀಕ್ಷೆಯೂ ಅದನ್ನೇ ದೃಢಪಡಿಸಿದರೆ ಬಯಾಪ್ಸಿ ಇಲ್ಲದೆಯೂ ತೀರ್ಮಾನಿಸಬಹುದೆಂದು ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮಗುವಿಗೆ ಅದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು.

ಈ ಪರೀಕ್ಷೆಗಳು ಸರಿಯಾಗಿ ಬರಬೇಕಾದರೆ ರೋಗಿ ಗೋಧಿ ತಿನ್ನುತ್ತಿರಬೇಕು. ಗೋಧಿ ಬಿಟ್ಟು ಕೆಲವು ತಿಂಗಳಾದ ಮೇಲೆ ಪರೀಕ್ಷೆಗೆ ಹೋದರೆ ರಕ್ತದಲ್ಲಿಯೂ ಕರುಳಿನಲ್ಲಿಯೂ ಗುರುತು ಮಾಸಿರುತ್ತದೆ. ಆಮೇಲೆ ಕನಿಷ್ಠ ಆರು ವಾರ ಪ್ರತಿದಿನ ಗೋಧಿ ತಿಂದು, ಮತ್ತೆ ನರಳಿ, ಪರೀಕ್ಷೆಗೆ ಎರಡನೆಯ ಸಲ ಹಣ ಕಟ್ಟಬೇಕಾಗುತ್ತದೆ.

ಒಬ್ಬರಿಗೆ ಬಂದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಬೇಕೇ?

ತಂದೆ, ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಇವರಲ್ಲಿ ಈ ಕಾಯಿಲೆಯ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಕೈ ಬಿಗಿಯಿದ್ದರೆ ಎಲ್ಲರೂ ಒಂದೇ ತಿಂಗಳಲ್ಲಿ ಮಾಡಿಸಬೇಕಿಲ್ಲ, ಲಕ್ಷಣ ಇರುವವರಿಂದ ಶುರುಮಾಡಿ.

ತಿಂಗಳ ದಿನಸಿ ಎಷ್ಟು ಹೆಚ್ಚಾಗುತ್ತದೆ?

ನೀವು ಗೋಧಿಯನ್ನು ಬಿಡುತ್ತೀರೋ, ಗೋಧಿಯ ತಿನಿಸುಗಳನ್ನು ಬೇರೆ ಹಿಟ್ಟಿನಲ್ಲಿ ನಕಲು ಮಾಡುತ್ತೀರೋ ಎಂಬುದರ ಮೇಲೆ ಅದು ನಿಂತಿದೆ.

ನಕಲು ಮಾಡಲು ಹೊರಟರೆ ಹೆಚ್ಚಳಕ್ಕೆ ಮಿತಿಯಿಲ್ಲ. ಗೋಧಿ ಹಿಟ್ಟು ಕಿಲೋಗೆ 50 ರೂಪಾಯಿಯ ಆಸುಪಾಸಿನಲ್ಲಿದ್ದರೆ, ಗ್ಲುಟೆನ್‌ಮುಕ್ತ ಎಂದು ಮಾರುವ ಚಪಾತಿ ಹಿಟ್ಟಿಗೆ ಅದರ ಮೂರು ನಾಲ್ಕು ಪಟ್ಟು ಕೊಡಬೇಕು. ಬ್ರೆಡ್ಡು, ಬಿಸ್ಕತ್ತು, ಪಾಸ್ತಾಗಳ ಅಂತರ ಇನ್ನೂ ದೊಡ್ಡದು. ಶ್ರೀಮಂತ ದೇಶಗಳಲ್ಲಿಯೂ ಕಥೆ ಇದೇ. ಕೆನಡಾದಲ್ಲಿ ಅಂಗಡಿಗಳ ಬೆಲೆಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ಲುಟೆನ್‌ಮುಕ್ತ ತಿನಿಸುಗಳ ಬೆಲೆ ಸರಾಸರಿ ಶೇ 242ರಷ್ಟು ಹೆಚ್ಚಿತ್ತು. ಬೇರೆ ಕಾರ್ಖಾನೆ, ಬೇರೆ ಯಂತ್ರ, ಪ್ರತಿ ಸಲ ತಯಾರಾದ ಸರಕಿನ ಪರೀಕ್ಷೆ, ಕಡಿಮೆ ಮಾರಾಟ ಇವೆಲ್ಲದರ ಖರ್ಚೂ ಆ ಪ್ಯಾಕೆಟ್ಟಿನ ಮೇಲೆ ಬೀಳುತ್ತದೆ.

ಆದರೆ ಕನ್ನಡ ನಾಡಿನ ಅಡುಗೆಮನೆಗೆ ಆ ಪ್ಯಾಕೆಟ್ಟಿನ ಹಂಗು ಅಷ್ಟಾಗಿ ಇಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ಬೇಳೆಕಾಳು, ತರಕಾರಿ, ಹಾಲು, ಮೊಟ್ಟೆ, ಮಾಂಸ, ಮೀನುಗಳಲ್ಲಿಯೂ ಇಲ್ಲ. ಹಳೆ ಮೈಸೂರಿನ ಮುದ್ದೆ ಸಾರು, ನಮ್ಮ ಕಡೆಯ ಜೋಳದ ರೊಟ್ಟಿ ಪಲ್ಯ, ಮಲೆನಾಡಿನ ಕಡುಬು, ಕರಾವಳಿಯ ನೀರುದೋಸೆ ಇವೆಲ್ಲ ಯಾವ ಮುದ್ರೆಯೂ ಇಲ್ಲದೆ ಮೊದಲಿನಿಂದಲೂ ಗ್ಲುಟೆನ್‌ಮುಕ್ತವಾಗಿಯೇ ಇವೆ. ಪಡಿತರದ ಅಕ್ಕಿ, ದಕ್ಷಿಣದ ಜಿಲ್ಲೆಗಳಲ್ಲಿ ವಿತರಿಸುವ ರಾಗಿ, ಉತ್ತರದಲ್ಲಿ ವಿತರಿಸುವ ಜೋಳ ಬಡ ಕುಟುಂಬಕ್ಕೆ ನಿಜವಾದ ಆಧಾರ. ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ನಾನು ಮೊದಲು ಹೇಳುವುದು, ಮೊದಲ ಮೂರು ತಿಂಗಳು ಗ್ಲುಟೆನ್‌ಮುಕ್ತ ಎಂಬ ಮುದ್ರೆಯ ಯಾವ ತಿಂಡಿಯನ್ನೂ ಕೊಳ್ಳಬೇಡಿ ಎಂದು. ಆ ಹಣ ಮುಂದಿನ ಪ್ರಶ್ನೆಯಲ್ಲಿ ಹೇಳುವ ವಿಷಯಕ್ಕೆ ಬೇಕಾಗುತ್ತದೆ.

ಒಂದು ಎಚ್ಚರಿಕೆ: ಸಿರಿಧಾನ್ಯಗಳ ಬೆಲೆ ಈಗ ಏರಿದೆ, ನವಣೆ ಸಾಮೆಗಳು ಅಕ್ಕಿ ಜೋಳಗಳಷ್ಟು ಅಗ್ಗವಲ್ಲ. ಅವು ರುಚಿಗೆ, ಬದಲಾವಣೆಗೆ ಇರಲಿ. ಕಾಯಿಲೆ ಸರಿಹೋಗಲು ಸಿರಿಧಾನ್ಯವೇ ಆಗಬೇಕೆಂದು ಹೇಳಿ ದುಬಾರಿ ಪೊಟ್ಟಣ ಮಾರುವವರ ಮಾತನ್ನು ನಂಬಬೇಡಿ.

ರಾಗಿ, ಜೋಳ ಮನೆಯಲ್ಲಿಯೇ ಇವೆ. ಆದರೂ ಮಗುವಿನ ಟಿಟಿಜಿ ಇಳಿಯುತ್ತಿಲ್ಲ, ಏಕೆ?

ಗಿರಣಿಯನ್ನು ಸಂಶಯಿಸಿ. ನಮಗೂ ಹೀಗೆಯೇ ಆಯಿತು. ಎಂಟು ತಿಂಗಳು ಮನೆಯಲ್ಲಿ ಗೋಧಿ ಮುಟ್ಟದೆ ಇದ್ದರೂ ವರದಿಯಲ್ಲಿ ಅಂಕಿ ಮೇಲೆಯೇ ಇತ್ತು. ಒಂದು ದಿನ ಜೋಳ ಬೀಸಿಸಲು ಹೋದಾಗ ನನ್ನ ಮುಂದಿನವರ ಗೋಧಿ ಬೀಸುವುದು ಮುಗಿಯಿತು. ಗಿರಣಿಯವರು ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಎರಡು ಸಲ ಕೈಯಿಂದ ಬಡಿದು, ನಮ್ಮ ಜೋಳವನ್ನು ಮೇಲೆ ಸುರಿದರು. ಡಬ್ಬಿಗೆ ಮೊದಲು ಬಿದ್ದ ಹಿಟ್ಟು ಜೋಳದ ಬಿಳಿಯಾಗಿರಲಿಲ್ಲ, ಗೋಧಿಯ ಕೆನೆಬಣ್ಣದ್ದಾಗಿತ್ತು. ಅಷ್ಟು ತಿಂಗಳು ನಾನು ಮಗಳಿಗೆ ಏನು ಬಡಿಸುತ್ತಿದ್ದೆ ಎಂಬುದು ಆ ಡಬ್ಬಿಯ ಮುಂದೆ ನಿಂತಾಗ ಅರ್ಥವಾಯಿತು.

ಇದಕ್ಕೆ ಪರಿಹಾರಗಳನ್ನು ಖರ್ಚಿನ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಲಕ್ಕಿಂತ ಅಗ್ಗವಾದದ್ದು ಗಿರಣಿಗೆ ಹೋಗದಿರುವುದು. ಇಡ್ಲಿ, ದೋಸೆ, ನೀರುದೋಸೆ, ನೆನೆಸಿ ರುಬ್ಬಿ ಮಾಡುವ ಕಡುಬು ಯಾವುದಕ್ಕೂ ಒಣಹಿಟ್ಟು ಬೇಡ, ಮನೆಯ ಮಿಕ್ಸಿ ಅಥವಾ ಗ್ರೈಂಡರ್ ಸಾಕು. ಎರಡನೆಯದು, ಗೋಧಿಗೆ ಒಂದು, ಜೋಳ ರಾಗಿಗೆ ಇನ್ನೊಂದು ಯಂತ್ರ ಇಟ್ಟಿರುವ ಗಿರಣಿಯನ್ನು ಹುಡುಕುವುದು. ಸ್ವಲ್ಪ ದೂರವಾದರೂ ಇಂಥ ಗಿರಣಿಗಳು ಸಿಗುತ್ತವೆ. ಮೂರನೆಯದು, ಮನೆಗೆ ಸಣ್ಣ ಗಿರಣಿ ತರುವುದು. ಇದಕ್ಕೆ ಸುಮಾರು 15,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೇಕು, ಒಮ್ಮೆಗೇ ಹೊಂದಿಸುವುದು ಎಲ್ಲರಿಗೂ ಆಗುವ ಮಾತಲ್ಲ. ನಾವು ಅದನ್ನು ಚೀಟಿ ಹಣದಲ್ಲಿ ತಂದೆವು. ಬಿಸ್ಕತ್ತು ಬ್ರೆಡ್ಡಿನ ಪ್ಯಾಕೆಟ್‌ಗಳಿಗೆ ಹೋಗುತ್ತಿದ್ದ ಹಣವನ್ನು ಲೆಕ್ಕ ಹಾಕಿದರೆ ಒಂದು ವರ್ಷದೊಳಗೆ ಅದರ ಬೆಲೆ ಮರಳಿತು. ಆ ಗಿರಣಿಯಲ್ಲಿ ಒಂದು ಸಲವೂ, ಯಾರ ಒತ್ತಾಯಕ್ಕೂ, ಗೋಧಿ ಹಾಕಬಾರದು.

ಕಾಳನ್ನೂ ನೋಡಿ ಹಾಕಬೇಕು. ನಮ್ಮ ಭಾಗದಲ್ಲಿ ಹಿಂಗಾರಿಯಲ್ಲಿ ಜೋಳ, ಗೋಧಿ ಎರಡನ್ನೂ ಬೆಳೆಯುವುದರಿಂದ ಜೋಳದ ಚೀಲದಲ್ಲಿ ಗೋಧಿಯ ಕಾಳು ಸಿಗುವುದು ಅಪರೂಪವಲ್ಲ, ಎರಡರ ಗಾತ್ರವೂ ಹತ್ತಿರ ಹತ್ತಿರ ಇರುವುದರಿಂದ ಕೈಯಿಂದಲೇ ಹಸನು ಮಾಡಬೇಕು. ರಾಗಿಯದು ಸುಲಭ, ಸಣ್ಣ ಕಣ್ಣಿನ ಜರಡಿಯಲ್ಲಿ ರಾಗಿ ಕೆಳಗಿಳಿದು ಗೋಧಿ ಮೇಲೆ ಉಳಿಯುತ್ತದೆ. ಈ ಕೆಲಸಕ್ಕೆ ವಾರಕ್ಕೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ಹೆಚ್ಚಿನ ಮನೆಗಳಲ್ಲಿ ಆ ಮಧ್ಯಾಹ್ನ ತಾಯಿಯದು. ಟೈಲರಿಂಗ್ ಮಾಡುವವಳಾದರೆ ಅಷ್ಟು ಹೊಲಿಗೆ ಕಡಿಮೆಯಾಗುತ್ತದೆ, ಕೂಲಿಗೆ ಹೋಗುವವಳಾದರೆ ಆ ದಿನದ ಕೂಲಿ ಹೋಗುತ್ತದೆ. ಕಾಯಿಲೆಯ ಖರ್ಚನ್ನು ಬರೆದಿಡುವಾಗ ಇದನ್ನೂ ಬರೆದಿಡಿ.

ಇನ್ನು ಯಾವ ಪದಾರ್ಥಗಳಲ್ಲಿ ಗೋಧಿ ಅಡಗಿರುತ್ತದೆ?

ಇಂಗಿನಲ್ಲಿ. ಅಂಗಡಿಯಲ್ಲಿ ಸಿಗುವ ಕೂಟು ಇಂಗನ್ನು ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿ ತಯಾರಿಸುತ್ತಾರೆ; ಅದೇ ಇಂಗು ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ಗೊಜ್ಜುಗಳಿಗೂ ಹೋಗುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದೆ ಓದಿ ಕೊಳ್ಳಿ. ರವೆ ಮತ್ತು ಶಾವಿಗೆ ಗೋಧಿಯವೆಂಬುದನ್ನು ಮರೆಯುವವರು ಇದ್ದಾರೆ, ರವೆ ಇಡ್ಲಿ ಇಡ್ಲಿಯೇ ಅಲ್ಲವೇ ಎಂದು ಮಗುವಿಗೆ ಕೊಟ್ಟುಬಿಡುತ್ತಾರೆ. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಮಾಲ್ಟ್ ಎಂದಿದ್ದರೆ ಅದು ಹೆಚ್ಚಾಗಿ ಬಾರ್ಲಿಯದು, ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟಿಗೂ ಅದಕ್ಕೂ ಹೆಸರು ಮಾತ್ರ ಒಂದು. ಸೋಯಾ ಸಾಸನ್ನು ಸಾಮಾನ್ಯವಾಗಿ ಗೋಧಿ ಸೇರಿಸಿಯೇ ಮಾಡುತ್ತಾರೆ.

ಮಸಾಲೆ ಪುಡಿಗಳನ್ನು ಮನೆಯಲ್ಲಿ ಹುರಿದು ಮಿಕ್ಸಿಯಲ್ಲಿ ಮಾಡಿಕೊಂಡರೆ ಖರ್ಚು ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ.

ಹಾಗಾದರೆ "ಗ್ಲುಟೆನ್ ಫ್ರೀ" ಎಂಬ ಮುದ್ರೆಗೆ ಬೆಲೆಯೇ ಇಲ್ಲವೇ?

ಇದೆ, ಎಲ್ಲಿ ಬೇಕೋ ಅಲ್ಲಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರದಿದ್ದರೆ ಮಾತ್ರ ಆ ಮುದ್ರೆ ಹಾಕಬಹುದು. ಗಿರಣಿಯ ಭರವಸೆ ಇಲ್ಲದ ಊರಿನಲ್ಲಿ ಹಿಟ್ಟಿಗೆ, ಮತ್ತು ಹೊಲದಲ್ಲಿಯೇ ಗೋಧಿ ಬಾರ್ಲಿ ಬೆರೆಯುವ ಓಟ್ಸಿಗೆ, ಮುದ್ರೆ ನೋಡಿ ಹಣ ಕೊಡುವುದು ನ್ಯಾಯ. ಓಟ್ಸ್ ವಿಷಯದಲ್ಲಿ ವೈದ್ಯರನ್ನೂ ಕೇಳಿ, ಶುದ್ಧ ಓಟ್ಸ್ ಕೂಡ ಕೆಲವರಿಗೆ ಆಗಿಬರುವುದಿಲ್ಲ. ಆದರೆ ಅವಲಕ್ಕಿ, ಬೆಲ್ಲ, ಎಣ್ಣೆ, ಬೇಳೆಯ ಪೊಟ್ಟಣಗಳ ಮೇಲೂ ಅದೇ ಮುದ್ರೆ ಒತ್ತಿ ಹೆಚ್ಚು ಬೆಲೆಗೆ ಮಾರುವುದನ್ನು ನೋಡಿದ್ದೇನೆ. ಬೇಳೆಯನ್ನು ಆರಿಸಿ, ತೊಳೆದು ಬೇಯಿಸಿದರೆ ಸಾಕು. ಪೊಟ್ಟಣದ ಆಹಾರದ ಮೇಲೆ ಗೋಧಿ, ಬಾರ್ಲಿ, ರೈ, ಓಟ್ಸ್ ಇದ್ದರೆ ಅಲರ್ಜಿಕಾರಕವೆಂದು ನಮೂದಿಸುವುದು ಕಡ್ಡಾಯ. ಸಣ್ಣ ಅಕ್ಷರದ ಆ ಸಾಲನ್ನು ಓದುವ ಅಭ್ಯಾಸಕ್ಕೆ ದುಡ್ಡು ಬೇಡ.

ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕೇ?

ಬೇಡ. ಸ್ಟೀಲ್, ಗಾಜಿನ ಪಾತ್ರೆಗಳು ಚೆನ್ನಾಗಿ ತೊಳೆದರೆ ಸಾಕು. ತೊಳೆದರೂ ಸಂದಿಯಲ್ಲಿ ಹಿಟ್ಟು ಉಳಿಯುವ ಮರದ ಲಟ್ಟಣಿಗೆ ಮತ್ತು ಮಣೆ, ಜರಡಿ, ಚಪಾತಿಯ ತವಾ ಇಷ್ಟನ್ನು ಬೇರೆ ಇಟ್ಟರಾಯಿತು. ಮನೆ ಪೂರ್ತಿ ಗೋಧಿ ಬಿಡಲು ಆಗದಿದ್ದರೆ ಮೊದಲು ಮಗುವಿನ ಅಡುಗೆ ಮುಗಿಸಿ, ಮುಚ್ಚಿಟ್ಟು, ಆಮೇಲೆ ಚಪಾತಿಗೆ ಹಿಟ್ಟು ಕಲಸಿ.

ವಿಮೆ, ತೆರಿಗೆ ವಿನಾಯಿತಿ, ಸರ್ಕಾರದ ನೆರವು ಏನಾದರೂ ಸಿಗುತ್ತದೆಯೇ?

ಆಹಾರದ ಹೆಚ್ಚುವರಿ ಖರ್ಚಿಗೆ ಸಿಗುವುದಿಲ್ಲ. ಆರೋಗ್ಯ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ವೆಚ್ಚಕ್ಕೆ ಇರುವಂಥದ್ದು. ಹೊರರೋಗಿಯಾಗಿ ಮಾಡಿಸುವ ರಕ್ತಪರೀಕ್ಷೆ, ಆಹಾರತಜ್ಞರ ಶುಲ್ಕ ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ. ಹೊಸ ಪಾಲಿಸಿ ಮಾಡಿಸುವಾಗ ಕಾಯಿಲೆಯನ್ನು ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿದೆ, ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ರದ್ದಾಗಬಹುದು. ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆಗೆ ಆದಾಯ ತೆರಿಗೆಯಲ್ಲಿ ದೊರೆಯುತ್ತ ಬಂದ 80ಡಿಡಿಬಿ ವಿನಾಯಿತಿಯ ಪಟ್ಟಿಯಲ್ಲಿ ಸೀಲಿಯಾಕ್ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿಯೂ ಇಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ. ಊಟವೊಂದೇ ಚಿಕಿತ್ಸೆಯೆಂದು ವೈದ್ಯಶಾಸ್ತ್ರ ಹೇಳುವ ಕಾಯಿಲೆಯಲ್ಲಿ ಆ ಊಟವನ್ನು ಚಿಕಿತ್ಸೆಯ ಲೆಕ್ಕಕ್ಕೆ ಹಿಡಿಯದಿರುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಆ ಖರ್ಚಾದರೂ ಗಣನೀಯವಾಗಿ ತಗ್ಗುತ್ತದೆ.

ವಿದೇಶದಲ್ಲಿರುವ ನಮ್ಮವರಿಗೆ ಹೇಗೆ?

ದೇಶದಿಂದ ದೇಶಕ್ಕೆ ಬೇರೆ. ಇಟಲಿಯಲ್ಲಿ 2005ರ ಕಾನೂನು ಇದನ್ನು ಸಾಮಾಜಿಕ ಕಾಯಿಲೆಯೆಂದು ಗುರುತಿಸಿದೆ. ರೋಗಿಗಳಿಗೆ ಗ್ಲುಟೆನ್‌ಮುಕ್ತ ಆಹಾರ ಕೊಳ್ಳಲು ತಿಂಗಳ ಮೊತ್ತ ಸಿಗುತ್ತದೆ, 2018ರ ಆದೇಶದಂತೆ 18ರಿಂದ 59 ವಯಸ್ಸಿನ ಗಂಡಸರಿಗೆ 110 ಯೂರೋ, ಹೆಂಗಸರಿಗೆ 90 ಯೂರೋ. ಇಂಗ್ಲೆಂಡಿನಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತಿದ್ದ ಆಹಾರವನ್ನು 2018ರ ಕೊನೆಯಲ್ಲಿ ಬ್ರೆಡ್ಡು ಮತ್ತು ಹಿಟ್ಟಿನ ಮಿಶ್ರಣಗಳಿಗಷ್ಟೇ ಸೀಮಿತಗೊಳಿಸಿದರು, ಅದೂ ಎಲ್ಲ ಪ್ರದೇಶಗಳಲ್ಲಿ ಸಿಗುವುದಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ಸಾಮಾನ್ಯ ಆಹಾರಕ್ಕಿಂತ ಹೆಚ್ಚಾಗಿ ಕೊಟ್ಟಷ್ಟು ಹಣವನ್ನು ವೈದ್ಯಕೀಯ ವೆಚ್ಚವೆಂದು, ಮಿತಿಗಳಿಗೆ ಒಳಪಟ್ಟು, ತೆರಿಗೆಯಲ್ಲಿ ತೋರಿಸಬಹುದು. ಅದಕ್ಕೆ ವೈದ್ಯರ ಪತ್ರ ಮತ್ತು ಪ್ರತಿಯೊಂದು ರಸೀದಿ ಬೇಕು.

ಮಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾನೆ. ಊಟಕ್ಕೆ ಏನು ಮಾಡುವುದು?

ಹೊಸಪೇಟೆ ಕಡೆಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಅವನ ಪಿಜಿಯಲ್ಲಿ ರಾತ್ರಿ ಊಟ ಚಪಾತಿ, ಬೆಳಿಗ್ಗೆ ವಾರಕ್ಕೆ ಮೂರು ದಿನ ಉಪ್ಪಿಟ್ಟು ಅಥವಾ ಪೂರಿ. ಊಟ ಸೇರಿದ ಬಾಡಿಗೆ ಕೊಟ್ಟು, ಆ ಊಟ ಬಿಟ್ಟು, ಹೊರಗೆ ಮತ್ತೆ ಹಣ ಕೊಟ್ಟು ತಿನ್ನುತ್ತಿದ್ದ. ಕೊನೆಗೆ ವೈದ್ಯರ ಪತ್ರ ತೋರಿಸಿ, ಊಟವಿಲ್ಲದ ದರಕ್ಕೆ ಮಾಲೀಕರನ್ನು ಒಪ್ಪಿಸಿ, ಒಂದು ಸಣ್ಣ ಕುಕ್ಕರ್ ಇಟ್ಟುಕೊಂಡ. ಊರಿಂದ ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರುತ್ತವೆ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹೋಟೆಲಿನಲ್ಲಿ ತಿನ್ನಲೇಬೇಕಾದರೆ ಬಿಳಿ ಅನ್ನ, ಮೊಸರು, ಬೇಯಿಸಿದ ಮೊಟ್ಟೆ ಕೇಳಿ. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಮೈದಾ ಅಥವಾ ರವೆ ಸೇರಿಸುವುದುಂಟು, ವಡೆಯನ್ನು ಪೂರಿ ಕರಿದ ಎಣ್ಣೆಯಲ್ಲಿಯೇ ಕರಿಯುವುದುಂಟು, ಸಾಂಬಾರಿನಲ್ಲಿ ಇಂಗು ಇದ್ದೇ ಇರುತ್ತದೆ.

ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಒಂದು ಚಪಾತಿ ತಿಂದರೆ ಏನಾಗುತ್ತದೆ?

ಒಂದು ಸಾಧಾರಣ ಚಪಾತಿಯಲ್ಲಿ ಎರಡರಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಕೇವಲ 50 ಮಿಲಿಗ್ರಾಂ, ಅಂದರೆ ಆ ಚಪಾತಿಯ ಸುಮಾರು ಐವತ್ತರಲ್ಲಿ ಒಂದು ಪಾಲು, ಮೂರು ತಿಂಗಳು ಹೋದರೂ ಕರುಳಿಗೆ ಹಾನಿಯಾಗುತ್ತದೆಯೆಂದು ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ. ಹೊಟ್ಟೆನೋವು ಬರಲಿಲ್ಲವೆಂದರೆ ಹಾನಿಯಾಗಲಿಲ್ಲ ಎಂದಲ್ಲ. ಪಡಿತರದಲ್ಲಿ ಗೋಧಿ ಬರುವ ಹೊರ ರಾಜ್ಯಗಳಲ್ಲಿ ದುಡಿಯುವ ನಮ್ಮ ಜನರಿಗೆ ಇದು ನಿಜವಾದ ಸಂಕಟ. ಅಂಥವರು ತಮ್ಮ ಪಾಲಿನ ಗೋಧಿಯನ್ನು ನೆರೆಯವರ ಅಕ್ಕಿಗೆ ಬದಲಾಯಿಸಿಕೊಂಡು ತಿಂಗಳು ದಾಟಿಸಿದ್ದನ್ನು ಕೇಳಿದ್ದೇನೆ. ಏನೂ ಇಲ್ಲದ ದಿನ ಗಂಜಿ, ಉಪ್ಪು, ಒಂದು ಹಿಡಿ ಹುರಿದ ಶೇಂಗಾ ಚಪಾತಿಗಿಂತ ಅಗ್ಗವೂ ಹೌದು, ಕ್ಷೇಮವೂ ಹೌದು.

ಒಮ್ಮೆ ಪಥ್ಯ ಹಿಡಿದ ಮೇಲೆ ಪರೀಕ್ಷೆಗಳ ಖರ್ಚು ನಿಲ್ಲುತ್ತದೆಯೇ?

ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ ನೋಡುತ್ತಾರೆ. ರಕ್ತದ ಪ್ರಮಾಣ, ವಿಟಮಿನ್‌ಗಳು, ಥೈರಾಯಿಡ್, ದೊಡ್ಡವರಲ್ಲಿ ಮೂಳೆಯ ಸಾಂದ್ರತೆ ಇವುಗಳಲ್ಲಿ ಯಾವುದು ಯಾವಾಗ ಬೇಕೆಂದು ವೈದ್ಯರೇ ಹೇಳಬೇಕು. ಎಲ್ಲವನ್ನೂ ಒಟ್ಟಿಗೆ ಸೇರಿಸಿ ಮಾರುವ ದೊಡ್ಡ ಪ್ಯಾಕೇಜುಗಳು ಬೇಕಿಲ್ಲ.

ಹಬ್ಬ, ಮದುವೆಗಳಲ್ಲಿ ಮಗು ಅಳುತ್ತದೆ. ಬೇರೆ ಸಿಹಿ ತರಿಸಲು ದುಡ್ಡು ಸಾಲುವುದಿಲ್ಲ.

ತರಿಸಬೇಕಿಲ್ಲ. ಮೊದಲ ಯುಗಾದಿಯಂದು ಎಲ್ಲರಿಗೂ ಹೋಳಿಗೆ ಮಾಡಿ, ಮಗಳಿಗೆಂದು ಪೇಟೆಯಿಂದ ಗ್ಲುಟೆನ್‌ಮುಕ್ತ ಕೇಕಿನ ಒಂದು ತುಂಡು ತಂದಿದ್ದೆವು. ಅವಳು ಅದನ್ನು ಮುಟ್ಟಲಿಲ್ಲ. ತಮ್ಮನ ತಟ್ಟೆಯ ಹೋಳಿಗೆಯ ಮೇಲೆ ತುಪ್ಪ ಕರಗುವುದನ್ನು ನೋಡುತ್ತ ಕುಳಿತಿದ್ದಳು. ಮರುವರ್ಷದಿಂದ ನಮ್ಮ ಮನೆಯಲ್ಲಿ ಯುಗಾದಿಗೆ ಕಡುಬು. ಹೂರಣ ಅದೇ, ಕಡಲೆಬೇಳೆ, ಬೆಲ್ಲ, ಏಲಕ್ಕಿ. ಹೊರಗಿನ ಕಣಕ ಮಾತ್ರ ಮೈದಾದ ಬದಲು ಅಕ್ಕಿ ಹಿಟ್ಟಿನದು: ಕುದಿಯುವ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಮನೆಯ ಗಿರಣಿಯ ಅಕ್ಕಿ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಬಿಸಿಯಿರುವಾಗಲೇ ನಾದಬೇಕು, ಆರಿದರೆ ಸೀಳುತ್ತದೆ. ಹೂರಣ ತುಂಬಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ಹೋಳಿಗೆಗಿಂತ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ, ಮನೆಯವರೆಲ್ಲರ ತಟ್ಟೆಯಲ್ಲಿ ಅದೇ ಇರುತ್ತದೆ. ಮದುವೆಗಳಿಗೆ ಹೋಗುವಾಗ ಅದನ್ನೇ ಒಂದು ಡಬ್ಬಿಯಲ್ಲಿ ಒಯ್ಯುತ್ತೇವೆ, ಅವಳ ಪಕ್ಕದಲ್ಲಿ ಕುಳಿತ ಮಕ್ಕಳಿಗೂ ಸಾಲುವಷ್ಟು.